ಮ್ಯೂನಿಕ್‌ನಲ್ಲಿ ಎಲ್ಲಿ ಉಳಿಯೋದು? ಹೋಟೆಲ್, ಅಪಾರ್ಟ್‌ಮೆಂಟ್ ಹೋಟೆಲ್, ಬಾಡಿಗೆ ಫ್ಲ್ಯಾಟ್: ಯಾರಿಗೆ ಯಾವುದು

ಮ್ಯೂನಿಕ್‌ಗೆ ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ರಜೆ ಸಿಕ್ಕಿತು, ವಿಮಾನದ ದರ ನೋಡಿದ್ದಾಯಿತು, ಉಳಿಯೋದು ಎಲ್ಲಿ? ಒಬ್ಬರದು ಬೆಂಗಳೂರಿನ ಆಫೀಸಿನಿಂದ ಆರು ವಾರದ ಕೆಲಸ. ಇನ್ನೊಬ್ಬರು ಅಪ್ಪ ಅಮ್ಮನನ್ನು ಕರೆದುಕೊಂಡು ಒಂದು ವಾರ ಸುತ್ತಾಡಲು ಹೊರಟವರು. ಮತ್ತೊಬ್ಬರಿಗೆ ಅಲ್ಲೇ ಹೊಸ ನೌಕರಿ. ಬಾಡಿಗೆ ಮನೆ ಸಿಗುವ ತನಕ ಒಂದು ನೆಲೆ ಬೇಕು. ಬುಕಿಂಗ್ ಆ್ಯಪ್ ತೆರೆದರೆ ಮೂವರಿಗೂ ಅದೇ ಫೋಟೋಗಳು, ಅದೇ ಬಿಳಿ ಹಾಸಿಗೆ, ಅದೇ ಸ್ಟಾರ್‌ಗಳು. ಆದರೆ ಮೂವರಿಗೂ ಸರಿಹೋಗುವ ಜಾಗ ಬೇರೆ ಬೇರೆ.

ಮ್ಯೂನಿಕ್ ಅನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ನಮ್ಮವರು ಹೆಚ್ಚಾಗಿ ಹೋಗುವ ಊರು, ಜರ್ಮನಿಯಲ್ಲೇ ದುಬಾರಿ ಊರು. ಇಲ್ಲಿ ಲೆಕ್ಕ ಸರಿಹೋದರೆ ಉಳಿದ ಊರುಗಳಲ್ಲಿ ಕಷ್ಟವಿಲ್ಲ. ಬರ್ಲಿನ್, ಫ್ರಾಂಕ್‌ಫರ್ಟ್‌ಗಳಲ್ಲಿ ಏನು ಬದಲಾಗುತ್ತದೆ ಅಂತಲೂ ಕೊನೆಗೆ ಹೇಳುತ್ತೇನೆ.

ದರ ನೋಡುವ ಮೊದಲು ಇವನ್ನು ನೋಡಿ

ಮೊದಲನೆಯದು, ಎಷ್ಟು ರಾತ್ರಿ. ಮೂರು ರಾತ್ರಿಯವರೆಗೆ ಅಡುಗೆಮನೆ ಇದ್ದರೂ ಬಳಸುವುದು ಕಡಿಮೆ. ಉಪ್ಪು, ಎಣ್ಣೆ, ಅಕ್ಕಿ ತಂದು ಹೊಂದಿಸುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ಐದನೇ ರಾತ್ರಿಯಿಂದ ಆಚೆಗೆ ಅಡುಗೆಮನೆಗೂ ಬಟ್ಟೆ ಒಗೆಯುವ ಯಂತ್ರಕ್ಕೂ ನಿಜವಾದ ಬೆಲೆ ಬರುತ್ತದೆ. ಒಂದು ತಿಂಗಳು ದಾಟಿದರೆ ದಿನದ ದರದ ಲೆಕ್ಕವನ್ನೇ ಬಿಡಬೇಕು, ತಿಂಗಳ ದರ ಕೇಳಬೇಕು.

ಎರಡನೆಯದು, ಜೊತೆಗೆ ಯಾರು ಬರುತ್ತಾರೆ. ಪುಟ್ಟ ಮಕ್ಕಳು, ವಯಸ್ಸಾದವರು, ಶುಗರ್ ಇರುವವರು, ಈರುಳ್ಳಿ ಬೆಳ್ಳುಳ್ಳಿ ಕೂಡ ತಿನ್ನದವರು ಇದ್ದರೆ ಊಟವೇ ಪ್ರವಾಸದ ಅರ್ಧ ಚಿಂತೆ. ಅವರಿಗೆ ರಾತ್ರಿ ಎಂಟಕ್ಕೆ ಬಿಸಿ ಅನ್ನ, ತಿಳಿಸಾರು ಸಿಗುತ್ತದೋ ಇಲ್ಲವೋ ಅನ್ನುವುದು ಹೋಟೆಲಿನ ಸ್ಟಾರ್‌ಗಿಂತ ಮುಖ್ಯ.

ಮೂರನೆಯದು, ಯಾವ ಹೊತ್ತಿಗೆ ಇಳಿಯುತ್ತೀರಿ. ಬೆಂಗಳೂರಿನಿಂದ ನೇರ ಬರುವ ವಿಮಾನ ನಡುರಾತ್ರಿಯ ಹೊತ್ತಿಗೆ ಹೊರಟು ಬೆಳಗ್ಗೆ ಮ್ಯೂನಿಕ್‌ನಲ್ಲಿ ಇಳಿಸುತ್ತದೆ. ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ಆ ಮಧ್ಯದ ಆರೇಳು ಗಂಟೆ ಸೂಟ್‌ಕೇಸ್ ಎಲ್ಲಿಡುತ್ತೀರಿ, ನಿದ್ದೆಗೆಟ್ಟ ಅಮ್ಮನನ್ನು ಎಲ್ಲಿ ಕೂರಿಸುತ್ತೀರಿ? ರಿಸೆಪ್ಷನ್ ಇರುವ ಜಾಗವಾದರೆ ಸಾಮಾನು ಇಟ್ಟುಕೊಳ್ಳುತ್ತಾರೆ. ಕೋಣೆ ಬೇಗ ಖಾಲಿಯಾಗಿದ್ದರೆ ಕೆಲವು ಸಲ ಕೊಟ್ಟೂ ಬಿಡುತ್ತಾರೆ. ರಿಸೆಪ್ಷನ್ನೇ ಇಲ್ಲದಿದ್ದರೆ ರೈಲ್ವೆ ನಿಲ್ದಾಣದ ಲಾಕರೇ ಗತಿ.

ನಾಲ್ಕನೆಯದು, ದಿನಾಂಕ. ಮ್ಯೂನಿಕ್‌ನಲ್ಲಿ ಇದು ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ಸೆಪ್ಟೆಂಬರ್ ಮೂರನೇ ವಾರದ ಆಸುಪಾಸು ಶುರುವಾಗಿ ಅಕ್ಟೋಬರ್ ಮೊದಲ ವಾರದವರೆಗೆ ಆಕ್ಟೋಬರ್‌ಫೆಸ್ಟ್ ನಡೆಯುತ್ತದೆ. ಆಗ ದರ ದುಪ್ಪಟ್ಟು, ಮುಪ್ಪಟ್ಟು. ಅದರ ಜೊತೆಗೆ ಮೆಸ್ಸೆ ಅಂತ ಕರೆಯುವ ವಾಣಿಜ್ಯ ಮೇಳಗಳಿವೆ. ಮೂರು ವರ್ಷಕ್ಕೊಮ್ಮೆ ಬರುವ ಕಟ್ಟಡ ಯಂತ್ರಗಳ ಮೇಳ ಬೌಮಾ 2025ರ ಏಪ್ರಿಲ್‌ನಲ್ಲಿ ನಡೆಯಿತು. ಎರಡು ವರ್ಷಕ್ಕೊಮ್ಮೆ ಸೆಪ್ಟೆಂಬರ್‌ನಲ್ಲಿ ವಾಹನಗಳ ಮೇಳ ಇರುತ್ತದೆ. ಅಂಥ ವಾರಗಳಲ್ಲಿ ಸಾಧಾರಣ ಕೋಣೆಗೂ 300 ಯೂರೊ ಕೇಳಿದರೆ ಆಶ್ಚರ್ಯವಿಲ್ಲ. ದಿನಾಂಕ ಒಂದು ವಾರ ಆಚೀಚೆ ಮಾಡಲು ಸಾಧ್ಯವಿದ್ದರೆ ಅದಕ್ಕಿಂತ ದೊಡ್ಡ ಉಳಿತಾಯ ಬೇರೆ ಇಲ್ಲ.

ಕೊನೆಯದು ಕಾಗದಪತ್ರ. ಅದನ್ನು ಹೊಸ ನೌಕರಿಯವರ ಭಾಗದಲ್ಲಿ ಬಿಡಿಸಿ ಹೇಳುತ್ತೇನೆ.

ಮಾಮೂಲಿ ಹೋಟೆಲ್

ಎರಡು ಮೂರು ರಾತ್ರಿಗೆ, ಒಬ್ಬರು ಅಥವಾ ಇಬ್ಬರಿಗೆ ಇದೇ ಸರಿ. ದಿನವೂ ಕೋಣೆ ಸ್ವಚ್ಛ ಮಾಡುತ್ತಾರೆ, ರಾತ್ರಿ ಎಷ್ಟು ಹೊತ್ತಿಗೂ ಬಾಗಿಲು ತೆರೆಯಲು ಜನ ಇರುತ್ತಾರೆ, ಬೆಳಗಿನ ತಿಂಡಿ ಕೆಳಗೇ ಸಿಗುತ್ತದೆ. ಮ್ಯೂನಿಕ್‌ನಲ್ಲಿ ಸಾಮಾನ್ಯ ದಿನಗಳಲ್ಲಿ ಮಧ್ಯಮ ದರ್ಜೆಯ ಡಬಲ್ ರೂಮ್ 110ರಿಂದ 160 ಯೂರೊ ಆಸುಪಾಸು. ತಿಂಡಿ ಬೇರೆಯಾದರೆ ತಲೆಗೆ 15ರಿಂದ 25 ಯೂರೊ.

ಶಾಕಾಹಾರಿಗಳು ಆ ತಿಂಡಿಯನ್ನು ಹಗುರವಾಗಿ ಕಾಣಬೇಡಿ. ಜರ್ಮನ್ ಹೋಟೆಲಿನ ತಿಂಡಿ ಅಂದರೆ ಹತ್ತು ಬಗೆಯ ಬ್ರೆಡ್, ಚೀಸ್, ಮೊಸರು, ಹಣ್ಣು, ಮ್ಯೂಸ್ಲಿ, ಜೇನು. ಮಧ್ಯಾಹ್ನ ಎರಡರ ತನಕ ಹೊಟ್ಟೆ ತುಂಬಿರುತ್ತದೆ. ತೊಂದರೆ ಇರುವುದು ರಾತ್ರಿ ಊಟದ್ದು. ರೆಸ್ಟೋರೆಂಟಿನಲ್ಲಿ ಒಂದು ಪ್ಲೇಟಿಗೆ 15ರಿಂದ 20 ಯೂರೊ, ಜೊತೆಗೆ ನೀರಿಗೂ ದುಡ್ಡು. ನಾಲ್ಕು ಜನರ ಮನೆಮಂದಿಗೆ ಇದು ದಿನಕ್ಕೆ 80 ಯೂರೊ ಮುಟ್ಟುತ್ತದೆ. ಹೋಟೆಲ್ ಕೋಣೆಯಲ್ಲಿ ಕೆಟಲ್ ಕೂಡ ಎಲ್ಲ ಕಡೆ ಇರುವುದಿಲ್ಲ. ಕಾಫಿ ಇಲ್ಲದೆ ಕಣ್ಣು ಬಿಡದವರು ಅದನ್ನು ಮೊದಲೇ ಕೇಳಿಕೊಳ್ಳಿ.

ರಿಸೆಪ್ಷನ್ ಇರುವ ಅಪಾರ್ಟ್‌ಮೆಂಟ್ ಹೋಟೆಲ್

ಐದು ರಾತ್ರಿಯಿಂದ ಐದಾರು ವಾರದವರೆಗೆ, ಅದರಲ್ಲೂ ಕುಟುಂಬ ಜೊತೆಗಿದ್ದರೆ, ನನ್ನ ಮೊದಲ ಆಯ್ಕೆ ಇದೇ. ಹೋಟೆಲಿನ ಹಾಗೆ ಮುಂಬಾಗಿಲಲ್ಲಿ ಜನ ಇರುತ್ತಾರೆ. ಕೋಣೆಯೊಳಗೆ ಸಣ್ಣ ಅಡುಗೆಮನೆ, ಫ್ರಿಜ್, ಊಟದ ಮೇಜು. ಕೆಲವು ಕಡೆ ಒಗೆಯುವ ಯಂತ್ರ ಮನೆಯೊಳಗೇ ಇರುತ್ತದೆ, ಕೆಲವು ಕಡೆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ. ಅಡೀನಾ, ಸಿಟಾಡೀನ್ಸ್, ಅಡಾಜಿಯೊ, ಲಿವಿಂಗ್ ಹೋಟೆಲ್ಸ್ ಇವೆಲ್ಲ ಜರ್ಮನಿಯ ಹಲವು ಊರುಗಳಲ್ಲಿ ಸಿಗುವ ಹೆಸರುಗಳು. ಸಾಮಾನ್ಯ ದಿನಗಳಲ್ಲಿ ಮ್ಯೂನಿಕ್‌ನ ಸ್ಟುಡಿಯೊಗೆ, ಅಂದರೆ ಎಲ್ಲವೂ ಒಂದೇ ಕೋಣೆಯಲ್ಲಿರುವ ಮನೆಗೆ, 100ರಿಂದ 170 ಯೂರೊ ಅಂದುಕೊಳ್ಳಿ. ಒಂದು ಬೆಡ್‌ರೂಮ್ ಪ್ರತ್ಯೇಕ ಇರುವುದಕ್ಕೆ 200 ದಾಟುತ್ತದೆ. ಒಂದು ವಾರ ಮೀರಿದರೆ ದರ ಇಳಿಯುತ್ತದೆ, ತಿಂಗಳಿಗೆ ಇನ್ನೂ ಇಳಿಯುತ್ತದೆ. ಆ್ಯಪ್‌ನಲ್ಲಿ ಕಾಣುವ ದರಕ್ಕೆ ಸುಮ್ನೆ ಒಪ್ಪಿಕೊಳ್ಳದೆ ನೇರವಾಗಿ ಮೇಲ್ ಬರೆದು ಕೇಳಿ.

ಅಡುಗೆಮನೆ ಅನ್ನುವ ಮಾತಿನ ಮೇಲೆ ಮಾತ್ರ ಭರವಸೆ ಇಡಬೇಡಿ. ಕೆಲವರಿಗೆ ಅದು ಮೈಕ್ರೋವೇವ್ ಮತ್ತು ಸಿಂಕ್, ಅಷ್ಟೇ. ಫೋಟೋ ದೊಡ್ಡದು ಮಾಡಿ ಒಲೆ ನೋಡಿ. ಹೆಚ್ಚಿನ ಕಡೆ ಕಪ್ಪು ಗಾಜಿನ ಹಲಗೆಯ ಮೇಲೆ ಎರಡು ವೃತ್ತ ಇರುತ್ತವೆ. ಅದು ಸಾದಾ ವಿದ್ಯುತ್ ಒಲೆಯಾದರೆ ವೃತ್ತ ನಿಧಾನಕ್ಕೆ ಕೆಂಪಗಾಗುತ್ತದೆ. ಮಧ್ಯೆ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆಫ್ ಮಾಡಿದ ಮೇಲೂ ಬಹಳ ಹೊತ್ತು ಸುಡುತ್ತಿರುತ್ತದೆ, ಹಾಲು ಉಕ್ಕುವುದು ಹಾಗಾಗಿಯೇ. ಇಂಡಕ್ಷನ್ ಆದರೆ ಊರಿಂದ ಒಯ್ದ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರುವುದಿಲ್ಲ. ಪಾತ್ರೆಯ ತಳಕ್ಕೆ ಆಯಸ್ಕಾಂತ ಅಂಟಬೇಕು. ಎರಡು ಲೀಟರಿನ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಯ್ದರೆ ಎರಡೂ ಬಗೆಯ ಒಲೆಗೆ ನಡೆಯುತ್ತದೆ. ಚಿಕ್ಕ ಮಿಕ್ಸಿಯೂ ನಡೆಯುತ್ತದೆ. ಅಲ್ಲಿಯದೂ 230 ವೋಲ್ಟ್, 50 ಹರ್ಟ್ಜ್. ನಮ್ಮ ಮೂರು ಕಡ್ಡಿಯ ಪ್ಲಗ್ ಮಾತ್ರ ಹಿಡಿಸುವುದಿಲ್ಲ, ಅಡಾಪ್ಟರ್ ಬೇಕು.

ಒಗ್ಗರಣೆಯ ವಿಷಯ ಬಿಡಿಸಿ ಹೇಳಲೇಬೇಕು. ಇಂಥ ಕಟ್ಟಡಗಳಲ್ಲಿ ಚಾವಣಿಗೆ ಹೊಗೆ ಪತ್ತೆಯಂತ್ರ ಇರುತ್ತದೆ. ಹಲವು ಹೋಟೆಲ್‌ಗಳಲ್ಲಿ ಅದು ಇಡೀ ಕಟ್ಟಡದ ಅಲಾರಮ್‌ಗೆ, ಅಲ್ಲಿಂದ ಅಗ್ನಿಶಾಮಕ ದಳಕ್ಕೆ ಜೋಡಿಸಿರುತ್ತದೆ. ಸುಳ್ಳು ಅಲಾರಮ್ ಆದರೆ ಖರ್ಚು ನಿಮ್ಮ ತಲೆಗೆ ಬೀಳಬಹುದು. ಒಲೆಯ ಮೇಲಿನ ಫ್ಯಾನ್ ಎಷ್ಟೋ ಕಡೆ ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಫಿಲ್ಟರ್ ದಾಟಿಸಿ ಕೋಣೆಗೇ ಮರಳಿಸುತ್ತದೆ. ಅದಕ್ಕೆ ಎಣ್ಣೆ ಹೊಗೆಯಾಡಲು ಬಿಡದೆ, ಸಣ್ಣ ಉರಿಯಲ್ಲಿ ಸಾಸಿವೆ ಸಿಡಿಸಿ ಒಡನೆ ಮುಚ್ಚಿ. ಒಣಮೆಣಸಿನಕಾಯಿ ಕೊನೆಗೆ ಹಾಕಿ. ಕಿಟಕಿ ತೆರೆದಿರಲಿ. ಜರ್ಮನ್ ಕಿಟಕಿಯ ಹಿಡಿ ಅಡ್ಡಕ್ಕೆ ತಿರುಗಿಸಿದರೆ ಕಿಟಕಿ ಬಾಗಿಲಿನ ಹಾಗೆ ಒಳಕ್ಕೆ ತೆರೆಯುತ್ತದೆ, ಪೂರ್ತಿ ಮೇಲಕ್ಕೆ ತಿರುಗಿಸಿದರೆ ಮೇಲ್ಭಾಗ ಮಾತ್ರ ಒಳಕ್ಕೆ ವಾಲುತ್ತದೆ. ಒಗ್ಗರಣೆ ಹೊತ್ತಿಗೆ ಅಡ್ಡಕ್ಕೆ, ರಾತ್ರಿ ಗಾಳಿಗೆ ಮೇಲಕ್ಕೆ.

ಊರಿಂದ ಏನು ಒಯ್ಯಬಹುದು ಅನ್ನುವುದೂ ಅಡುಗೆಮನೆಯ ಲೆಕ್ಕಕ್ಕೆ ಸೇರಿದ್ದೇ. ಹಾಲಿನ ಪದಾರ್ಥ, ಮಾಂಸ ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ತುಪ್ಪ, ಧಾರವಾಡ ಪೇಡ ಎರಡೂ ಅದರಲ್ಲಿ ಬರುತ್ತವೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿ, ಒಣ ಅವಲಕ್ಕಿಗೆ ಅಡ್ಡಿಯಿಲ್ಲ. ಅಕ್ಕಿ, ಬೇಳೆ, ತರಕಾರಿ, ಮೊಸರು ಅಲ್ಲೇ ಸಿಗುತ್ತವೆ. ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕೆ ಗೋಥೆಸ್ಟ್ರಾಸೆ, ಲಾಂಡ್‌ವೇರ್‌ಸ್ಟ್ರಾಸೆ ಸುತ್ತ ತುರ್ಕಿ, ಅರಬ್, ಭಾರತೀಯ ದಿನಸಿ ಅಂಗಡಿಗಳಿವೆ.

ಇದರ ಕೊರತೆಯನ್ನೂ ಹೇಳಬೇಕಲ್ವಾ. ಸ್ವಚ್ಛತೆ ದಿನವೂ ಇರುವುದಿಲ್ಲ. ಎಷ್ಟೋ ಕಡೆ ವಾರಕ್ಕೊಮ್ಮೆ ಮಾತ್ರ, ನಡುವೆ ಬೇಕಾದರೆ ದುಡ್ಡು. ಪಾತ್ರೆ ತೊಳೆದು, ಕಸ ಬೇರ್ಪಡಿಸಿ ಇಡುವುದು ನಿಮ್ಮ ಕೆಲಸ. ರಿಸೆಪ್ಷನ್ ಇದೆ ಅಂದರೂ ರಾತ್ರಿಯಿಡೀ ಇರುತ್ತದೆ ಅಂತ ಅಲ್ಲ.

ಬಾಗಿಲಿಗೆ ಕೋಡ್ ಮಾತ್ರ ಇರುವ ಅಪಾರ್ಟ್‌ಮೆಂಟ್

ಈಚಿನ ವರ್ಷಗಳಲ್ಲಿ ಹೆಚ್ಚಿರುವುದು ಈ ಬಗೆ. ಮ್ಯೂನಿಕ್‌ನ ಲೈಮ್‌ಹೋಮ್, ಬರ್ಲಿನ್‌ನ ನೂಮಾ ಕಂಪನಿಗಳು ಇದಕ್ಕೆ ಉದಾಹರಣೆ. ರಿಸೆಪ್ಷನ್ ಇಲ್ಲ. ಪಾಸ್‌ಪೋರ್ಟ್ ವಿವರ ಮೊದಲೇ ಆನ್‌ಲೈನಲ್ಲಿ ತುಂಬಿದರೆ ಫೋನಿಗೆ ಬಾಗಿಲಿನ ಕೋಡ್ ಬರುತ್ತದೆ. ಜರ್ಮನ್ ಪ್ರಜೆಗಳಿಗೆ ಹೋಟೆಲಿನ ನೋಂದಣಿ ಫಾರ್ಮ್ 2025ರ ಜನವರಿಯಿಂದ ರದ್ದಾಗಿದೆ, ವಿದೇಶಿಯರಿಗೆ ಈಗಲೂ ಇದೆ. ಹಾಗಾಗಿ ಆ ಫಾರ್ಮ್ ಬಿಟ್ಟರೆ ಕೋಡ್ ಬರುವುದಿಲ್ಲ.

ಒಬ್ಬರೇ ಓಡಾಡುವ ಯುವಕ ಯುವತಿಯರಿಗೆ ಇದು ಒಳ್ಳೆಯ ಆಯ್ಕೆ. ರಿಸೆಪ್ಷನ್ ಇರುವ ಜಾಗಕ್ಕಿಂತ ದರ ಸ್ವಲ್ಪ ಕಡಿಮೆ ಇರುತ್ತದೆ, ಕೋಣೆಗಳು ಹೊಸವು, ಊರಿನ ನಡುವೆಯೇ ಸಿಗುತ್ತವೆ. ಅಪ್ಪ ಅಮ್ಮನನ್ನು ಮಾತ್ರ ಅವರಷ್ಟಕ್ಕೇ ಇಂಥ ಕಡೆ ಬಿಡಲು ನಾನು ಹೇಳುವುದಿಲ್ಲ. ಇಳಿದ ದಿನ ಫೋನಿನಲ್ಲಿ ಇಂಟರ್ನೆಟ್ ಕೆಲಸ ಮಾಡದಿದ್ದರೆ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ. ಬಿಸಿನೀರು ನಿಂತರೆ ಚಾಟ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದು ಕಾಯಬೇಕು. ಕೋಡ್ ಒಂದನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.

ಖಾಸಗಿ ಫ್ಲ್ಯಾಟ್, ತಿಂಗಳ ಬಾಡಿಗೆ ಮನೆ

ಕೆಲವು ದಿನಕ್ಕೆ ಯಾರದೋ ಮನೆ ಹಿಡಿಯುವುದು ಮ್ಯೂನಿಕ್‌ನಲ್ಲಿ ಮೊದಲಿನಷ್ಟು ಸಲೀಸಲ್ಲ. ವಸತಿ ಕೊರತೆ ಇರುವ ಊರು ಅದು. ವಾಸದ ಮನೆಯನ್ನು ವರ್ಷಕ್ಕೆ ಎಂಟು ವಾರಕ್ಕಿಂತ ಜಾಸ್ತಿ ಪ್ರವಾಸಿಗರಿಗೆ ಕೊಡಲು ಪಾಲಿಕೆಯ ಅನುಮತಿ ಬೇಕು. ಅನುಮತಿ ಇಲ್ಲದ ಮನೆಯಾದರೆ ಕೊನೆ ಗಳಿಗೆಯಲ್ಲಿ ಬುಕಿಂಗ್ ರದ್ದಾಗುವ ಭಯ ಇದ್ದೇ ಇದೆ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರುವುದು ಮಾಮೂಲು. ನಾಲ್ಕನೇ ಮಹಡಿಗೆ 23 ಕಿಲೊದ ಎರಡು ಸೂಟ್‌ಕೇಸ್ ಹೊರುವುದನ್ನು ಯೋಚಿಸಿ ನೋಡಿ. ಆರು ಜನರ ದೊಡ್ಡ ಗುಂಪಿಗೆ, ಎರಡು ಬಚ್ಚಲು ಬೇಕು ಅನ್ನುವವರಿಗೆ ಇದು ಸರಿ. ಉಳಿದವರಿಗೆ ನನ್ನ ಮತ ಅಪಾರ್ಟ್‌ಮೆಂಟ್ ಹೋಟೆಲಿಗೇ.

ಒಂದು ತಿಂಗಳು ದಾಟಿದ ಮೇಲೆ ಮಾತು ಬೇರೆ. ಪೀಠೋಪಕರಣ ಸಹಿತ ತಿಂಗಳ ಬಾಡಿಗೆಗೆ ಕೊಡುವ ಮನೆಗಳು ಮಿಸ್ಟರ್ ಲಾಜ್, ವುಂಡರ್‌ಫ್ಲ್ಯಾಟ್ಸ್‌ನಂಥ ಕಡೆ ಸಿಗುತ್ತವೆ. ಮ್ಯೂನಿಕ್‌ನಲ್ಲಿ ಒಂದು ಕೋಣೆಯ ಇಂಥ ಮನೆಗೆ 1,400ರಿಂದ 2,000 ಯೂರೊ ಕೇಳುವುದು ಸಾಮಾನ್ಯ. ಅದೇ ತಿಂಗಳನ್ನು ಅಪಾರ್ಟ್‌ಮೆಂಟ್ ಹೋಟೆಲಿನಲ್ಲಿ ಕಳೆದರೆ ರಿಯಾಯಿತಿ ಕಳೆದೂ 2,000ಕ್ಕಿಂತ ಮೇಲೆ ಹೋಗುತ್ತದೆ. ಆದರೆ ಬಾಡಿಗೆ ಮನೆಗೆ ಠೇವಣಿ ಇಡಬೇಕು. ಕಾನೂನಿನ ಪ್ರಕಾರ ಅದು ಹೆಚ್ಚೆಂದರೆ ಮೂರು ತಿಂಗಳ ಮೂಲ ಬಾಡಿಗೆಯಷ್ಟು. ಮನೆ ನೋಡುವ ಮೊದಲೇ ಠೇವಣಿ ಕಳಿಸಿ, ನಾನು ಬೇರೆ ದೇಶದಲ್ಲಿದ್ದೇನೆ, ಕೀಲಿ ಪೋಸ್ಟಿನಲ್ಲಿ ಬರುತ್ತದೆ ಅನ್ನುವ ಮಾಲೀಕ ಸಿಕ್ಕರೆ ಅಲ್ಲಿಗೇ ಬಿಟ್ಟುಬಿಡಿ. ಅದು ಹಳೆಯ ಮೋಸ.

ಹೊಸ ನೌಕರಿಗೆ ಹೋಗುವವರು ಇದನ್ನು ತಪ್ಪದೆ ಓದಿ

ಜರ್ಮನಿಯಲ್ಲಿ ನೆಲೆಸುವವರು ಹೊಸ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಇದನ್ನೇ ಎಲ್ಲರೂ ಅನ್ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಒಂದು ಪತ್ರ ಬೇಕು. ತೆರಿಗೆ ಸಂಖ್ಯೆ ಇದರ ಮೇಲೆ ನಿಂತಿದೆ. ವಾಸದ ಪರವಾನಗಿ, ಬ್ಯಾಂಕ್ ಖಾತೆಗೂ ಈ ಕಾಗದ ಕೇಳುತ್ತಾರೆ. ತಡವಾದರೆ ಸಂಬಳದಲ್ಲಿ ತೆರಿಗೆ ಜಾಸ್ತಿ ಕಡಿತವಾಗಬಹುದು. ಬೇರೆ ದೇಶದಿಂದ ಬಂದು ಹೋಟೆಲಿನಲ್ಲಿ ಉಳಿದವರಿಗೆ ಮೂರು ತಿಂಗಳವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ನಿಮಗೆ ಅದು ಬೇಕು.

ಹಾಗಾಗಿ ಬುಕ್ ಮಾಡುವ ಮೊದಲೇ ನೋಂದಣಿ ಪತ್ರ ಕೊಡುತ್ತೀರಾ ಅಂತ ಬರಹದಲ್ಲಿ ಕೇಳಿ. ದೀರ್ಘ ಕಾಲ ಉಳಿಯುವವರಿಗೆ ಕೆಲವು ಅಪಾರ್ಟ್‌ಮೆಂಟ್ ಹೋಟೆಲ್‌ಗಳು ಕೊಡುತ್ತವೆ, ಕೆಲವು ಕೊಡುವುದಿಲ್ಲ. ಇನ್ನೊಂದು ಸಣ್ಣ ವಿಷಯ. ತೆರಿಗೆ ಸಂಖ್ಯೆ ಬರುವುದು ಅಂಚೆಯಲ್ಲಿ. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ರಿಸೆಪ್ಷನ್ ಇರುವ ಕಡೆ ಅವರು ತೆಗೆದಿಡುತ್ತಾರೆ. ಕೋಡ್ ಬಾಗಿಲಿನ ಜಾಗದಲ್ಲಿ ತೆಗೆದಿಡಲು ಯಾರೂ ಇಲ್ಲ.

ನಾಲ್ಕು ಜನ, ಏಳು ರಾತ್ರಿ

ಅಪ್ಪ, ಅಮ್ಮ, ಗಂಡ, ಹೆಂಡತಿ ಅಂತ ಇಟ್ಟುಕೊಳ್ಳಿ. ಹೋಟೆಲಿನಲ್ಲಿ 130 ಯೂರೊದ ಎರಡು ಕೋಣೆ ಅಂದರೆ ರಾತ್ರಿಗೆ 260. ತಿಂಡಿ ತಲೆಗೆ 18ರಂತೆ 72. ರಾತ್ರಿ ಊಟಕ್ಕೆ 80. ದಿನಕ್ಕೆ 412 ಆಯಿತು. ಅಪಾರ್ಟ್‌ಮೆಂಟ್ ಹೋಟೆಲಿನಲ್ಲಿ ಒಂದು ಬೆಡ್‌ರೂಮಿನ ಮನೆಗೆ 220, ದಿನಸಿಗೆ ದಿನಕ್ಕೆ 35. ಒಟ್ಟು 255. ವಾರಕ್ಕೆ ಸಾವಿರ ಯೂರೊಗಿಂತ ಹೆಚ್ಚಿನ ಅಂತರ.

ಈ ಅಂತರಕ್ಕೆ ನೀವು ಬಿಟ್ಟುಕೊಡುವುದೂ ಇದೆ. ಬಚ್ಚಲು ಒಂದೇ. ಇಬ್ಬರಿಗೆ ಹಾಲ್‌ನ ಸೋಫಾ ಹಾಸಿಗೆ, ಪಕ್ಕದಲ್ಲೇ ಗುಂಯ್‌ಗುಡುವ ಫ್ರಿಜ್. ಬೆನ್ನುನೋವಿನ ಹಿರಿಯರನ್ನು ಸೋಫಾ ಮೇಲೆ ಮಲಗಿಸಬೇಡಿ, ಬೆಡ್‌ರೂಮ್ ಅವರಿಗೇ ಕೊಡಿ. ಅದು ಆಗದು ಅಂದರೆ ಅಕ್ಕಪಕ್ಕದ ಎರಡು ಸ್ಟುಡಿಯೊ ಕೇಳಿ. ದರ ಹೋಟೆಲಿನ ಹತ್ತಿರಕ್ಕೆ ಬರುತ್ತದೆ, ಆದರೆ ಊಟದ ಉಳಿತಾಯ ಉಳಿಯುತ್ತದೆ, ಎಲ್ಲರಿಗೂ ನಿದ್ದೆಯೂ ಸಿಗುತ್ತದೆ. ಬಜೆಟ್ ಇದ್ದರೆ ನಾನು ಆರಿಸುವುದು ಇದನ್ನೇ.

ಹಿರಿಯರಿದ್ದರೆ ಬಚ್ಚಲಿನ ಫೋಟೋ ಮರೆಯಬೇಡಿ. ಸ್ನಾನದ ತೊಟ್ಟಿಯೊಳಗೇ ಶವರ್ ಇದ್ದರೆ ಎತ್ತರದ ಅಂಚು ದಾಟಿ ಕಾಲಿಡಬೇಕು, ಜಾರುವ ಭಯ. ನೆಲಮಟ್ಟದ ಶವರ್ ಇರುವ ಕೋಣೆ ಕೊಡಿ ಅಂತ ಕೇಳಿ. ಶವರಿನ ಆಚೆ ನೆಲದಲ್ಲಿ ನೀರು ಹೋಗಲು ದಾರಿ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಮಗ್ ಪೆಟ್ಟಿಗೆಯಲ್ಲಿರಲಿ. ಜುಲೈ, ಆಗಸ್ಟ್ ಆದರೆ ಎಸಿ ಇದೆಯಾ ಅಂತಲೂ ನೋಡಿ. ಜರ್ಮನಿಯ ಎಷ್ಟೋ ಕಟ್ಟಡಗಳಲ್ಲಿ ಇರುವುದಿಲ್ಲ, ಸೆಕೆಗಾಲದ ಕೆಲವು ವಾರ ಒಳಗೆ ಬೇಯುತ್ತದೆ.

ಊರಿನ ಯಾವ ಭಾಗ

ಮ್ಯೂನಿಕ್‌ನಲ್ಲಿ ನನಗೆ ಇಷ್ಟವಾದದ್ದು ಓಸ್ಟ್‌ಬಾನ್‌ಹೋಫ್, ಅಂದರೆ ಪೂರ್ವ ರೈಲು ನಿಲ್ದಾಣದ ಸುತ್ತ. ವಿಮಾನ ನಿಲ್ದಾಣದಿಂದ ಎಸ್8 ರೈಲು ನೇರ, ಅರ್ಧ ಗಂಟೆ. ಊರಿನ ನಡುಭಾಗ ಮರಿಯೆನ್‌ಪ್ಲಾಟ್ಸ್‌ಗೆ ಕೆಲವೇ ನಿಮಿಷ. ನಿಲ್ದಾಣದ ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ. ಮುಖ್ಯ ನಿಲ್ದಾಣದ ಸುತ್ತ ದರ ಕಡಿಮೆ, ದಿನಸಿ ಹತ್ತಿರ, ಗಲಾಟೆ ಜಾಸ್ತಿ. ನೊಯ್‌ಪರ್ಲಾಖ್, ಗಾರ್ಕಿಂಗ್ ಕಡೆ ಕೆಲಸ ಇದ್ದವರು ಅಲ್ಲೇ ಹತ್ತಿರ ಅಥವಾ ಅಲ್ಲಿಗೆ ಹೋಗುವ ಯು-ಬಾನ್ (ಮೆಟ್ರೊ) ಸಾಲಿನಲ್ಲಿ ನೋಡಲಿ. ಊರೊಳಗೆಲ್ಲ ಓಡಾಡಲು ತಿಂಗಳ ಡೊಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ 63 ಯೂರೊ. ಎರಡು ವಾರ ಮೀರಿ ಉಳಿಯುವವರಿಗೆ ಅದು ಲಾಭ. ಚಂದಾ ರೂಪದ್ದು, ನಿಲ್ಲಿಸುವ ತಿಂಗಳಿನ 10ರೊಳಗೆ ರದ್ದು ಮಾಡಬೇಕು.

ಬರ್ಲಿನ್‌ನಲ್ಲಿ ದರ ಇನ್ನೂ ಹಗುರ. ಅಲ್ಲಿ ಅಂಗಡಿಗಳು ತಡರಾತ್ರಿಯವರೆಗೂ ಇರುತ್ತವೆ. ಆದರೆ ಕೋಣೆ ಬಾಡಿಗೆಯ ಮೇಲೆ 7.5 ಶೇಕಡಾ ನಗರ ತೆರಿಗೆ ಸೇರುತ್ತದೆ, ಕೆಲಸಕ್ಕೆ ಬಂದವರಿಗೂ. ಮ್ಯೂನಿಕ್‌ನಲ್ಲಿ ಅಂಥ ತೆರಿಗೆ ಇಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಮುಖ್ಯ ನಿಲ್ದಾಣದ ಎದುರಿನ ಬೀದಿಗಳು ಮಾದಕ ವಸ್ತುಗಳ ಹಾವಳಿಗೆ ಹೆಸರಾದವು. ಕುಟುಂಬದವರು ನದಿಯಾಚೆಯ ಸಾಕ್ಸನ್‌ಹೌಸನ್ ಅಥವಾ ಈಚೆಗೇ ಇರುವ ಬೋಕನ್‌ಹೈಮ್ ಕಡೆ ನೋಡುವುದು ಒಳ್ಳೆಯದು.

ಬುಕ್ ಮಾಡುವ ಕ್ರಮ

ಷೆಂಗೆನ್ ವೀಸಾಕ್ಕೆ ಎಲ್ಲ ರಾತ್ರಿಗಳ ವಸತಿ ತೋರಿಸಬೇಕು. ವೀಸಾ ಯಾವಾಗ ಕೈಗೆ ಬರುತ್ತದೋ ಹೇಳಲಾಗದು. ಅದಕ್ಕೆ ಸ್ವಲ್ಪ ದುಬಾರಿಯಾದರೂ ಉಚಿತವಾಗಿ ರದ್ದು ಮಾಡಬಹುದಾದ ದರವನ್ನೇ ಮೊದಲು ಹಿಡಿಯಿರಿ. ವೀಸಾ ಬಂದ ಮೇಲೆ ಅದೇ ಜಾಗಕ್ಕೆ ಅಗ್ಗದ ದರ ಇದ್ದರೆ ಬದಲಿಸಿಕೊಳ್ಳಿ. ಬುಕ್ ಮಾಡಿದ ದಿನವೇ ಒಂದು ಮೇಲ್ ಹಾಕಿ. ಬೆಳಗ್ಗೆ ಬರುತ್ತೇವೆ, ಸಾಮಾನು ಇಡಬಹುದಾ, ಒಲೆ ಇಂಡಕ್ಷನ್ನಾ, ಒಗೆಯುವ ಯಂತ್ರ ಎಲ್ಲಿದೆ, ನೆಲಮಟ್ಟದ ಶವರ್ ಸಿಗುತ್ತದಾ. ಉತ್ತರ ಎರಡು ಮೂರು ದಿನದಲ್ಲಿ ಬರದಿದ್ದರೆ ಬೇರೆ ಜಾಗ ನೋಡಿ. ರದ್ದು ಮಾಡಲು ಇನ್ನೂ ಸಮಯ ಇರುತ್ತದೆ.

ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಅಂಗಡಿಗಳು ರಾತ್ರಿ 8ಕ್ಕೆ ಮುಚ್ಚುತ್ತವೆ, ನಿಲ್ದಾಣಗಳಂಥ ಕಡೆ ಬಿಟ್ಟರೆ ಭಾನುವಾರ ತೆರೆಯುವುದೇ ಇಲ್ಲ. ಭಾನುವಾರ ಇಳಿಯುವವರು ವಿಮಾನ ನಿಲ್ದಾಣದಲ್ಲಿರುವ ಎಡೇಕಾ ಸೂಪರ್‌ಮಾರ್ಕೆಟ್ಟಿನಲ್ಲೇ ಹಾಲು, ಮೊಸರು, ಬ್ರೆಡ್, ಈರುಳ್ಳಿ ತೆಗೆದುಕೊಂಡು ರೈಲು ಹತ್ತಿ. ನೀರಿನ ಬಾಟಲಿ ಬೇಡ, ಮ್ಯೂನಿಕ್‌ನಲ್ಲಿ ನಲ್ಲಿಯ ನೀರೇ ಚೆನ್ನಾಗಿದೆ.